ಬಗ್ ಹಿಡಿಯಲು ಮುಹೂರ್ತ

ಬಗ್, ಅಂದರೆ ಸಾಫ್ಟ್‌ವೇರಿನ ದೋಷ, ಹುಡುಕುವುದಕ್ಕೆ ಗುರುವಾರ ಪ್ರಶಸ್ತ. ಯಾವ ಪಂಚಾಂಗದಲ್ಲೂ ಹೀಗೆ ಬರೆದಿಲ್ಲ, ಆದರೆ ಫೆಡೋರಾ ಲಿನಕ್ಸ್ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಮ್ಮಿನ ಸಮುದಾಯದಲ್ಲಿ ಟೆಸ್ಟ್ ಡೇ (ಎಲ್ಲರೂ ಸೇರಿ ಪರೀಕ್ಷಿಸುವ ದಿನ) ಎಂದರೆ ಗುರುವಾರ ಎನ್ನುವುದು ಹಳೆಯ ವಾಡಿಕೆ. ಕಾರಣ ಕೇಳಿದರೆ ತಲೆದೂಗಲೇಬೇಕು. ಸೋಮವಾರ ಮೀಟಿಂಗು, ಶುಕ್ರವಾರ ಅರ್ಧ ರಜೆಯ ಮನಸ್ಸು, ಶನಿವಾರ ಭಾನುವಾರ ಡೆವಲಪರುಗಳು ಸಿಗುವುದಿಲ್ಲ. ಹಾಗಾಗಿ ಸಂಬಳ ಪಡೆಯುವವರಿಗೆ ಅನುಕೂಲವಾದ ದಿನ, ಸಂಬಳವಿಲ್ಲದೆ ಬಂದು ದುಡಿಯಬೇಕಾದವರು ತಂತಮ್ಮ ಆಫೀಸಿನಲ್ಲಿ ಸಿಕ್ಕಿಕೊಂಡಿರುವ ದಿನವೇ ಆಗಿರುತ್ತದೆ. ಆಮೇಲೆ ‘ಸ್ವಯಂಸೇವಕರು ಯಾಕೆ ಬರುತ್ತಿಲ್ಲ’ ಎಂದು ಚರ್ಚಿಸಲು ಇನ್ನೊಂದು ಸಭೆ. ಅದೂ ವಾರದ ನಡುವೆಯೇ.

ಈ ಉತ್ಸವದ ಉದ್ದೇಶ ಮಾತ್ರ ಘನವಾದದ್ದು. ಹೊಸ ಆವೃತ್ತಿ ಹೊರಬೀಳುವ ಮೊದಲು ಜಗತ್ತಿನ ನಾನಾ ಮೂಲೆಯವರು ಒಂದೇ ದಿನ ಆನ್‌ಲೈನಿನಲ್ಲಿ ಕೂತು ಒಂದೇ ವಿಷಯವನ್ನು, ಅದು ವ್ಯವಸ್ಥೆಯ ತಿರುಳಾದ ಕರ್ನಲ್ ಆಗಿರಲಿ, ಗ್ರಾಫಿಕ್ಸ್ ಡ್ರೈವರ್ ಆಗಿರಲಿ, ಭಾಷೆಗಳೇ ಆಗಿರಲಿ, ಜಾಲಾಡುವುದು. ಲಿಬ್ರೆಆಫೀಸ್ ಎಂಬ ಕಚೇರಿ ತಂತ್ರಾಂಶದವರು ಇದನ್ನೇ ಬಗ್ ಹಂಟಿಂಗ್ ಸೆಷನ್ ಎನ್ನುತ್ತಾರೆ. ಫೆಡೋರಾ ಹೊಸ ಆವೃತ್ತಿ ಏಪ್ರಿಲ್ ಮತ್ತು ಅಕ್ಟೋಬರ್ ಆಸುಪಾಸಿನಲ್ಲಿ ಬರುತ್ತದೆ. ಆಸುಪಾಸು ಎಂಬ ಪದಕ್ಕೆ ಎಷ್ಟು ಹಿಗ್ಗುವ ಗುಣವಿದೆ ಎಂದರೆ, 2012ರ ನವೆಂಬರಿನಲ್ಲಿ ಬರಬೇಕಿದ್ದ ಫೆಡೋರಾ 18 ಬಂದದ್ದು 2013ರ ಜನವರಿಯಲ್ಲಿ. ಬಿಡುಗಡೆ ಮುಂದಕ್ಕೆ ಹೋದರೆ ಅದಕ್ಕೆ ಕಟ್ಟಿದ ಟೆಸ್ಟ್ ದಿನಗಳೂ ಮುಂದಕ್ಕೆ ಹೋಗುತ್ತವೆ, ಹೋದ ಸುದ್ದಿ ಮಾತ್ರ ಎಲ್ಲರಿಗೂ ಮುಟ್ಟುವುದಿಲ್ಲ.

ದಿನ ನಿಶ್ಚಯವಾಯಿತು ಅನ್ನಿ, ಗಂಟೆ? ಒಬ್ಬ ಅಮೆರಿಕದ ರಾಲಿಯಲ್ಲಿ, ಇನ್ನೊಬ್ಬ ಜೆಕ್ ದೇಶದ ಬ್ರನೋದಲ್ಲಿ, ಮತ್ತೊಬ್ಬರು ಪುಣೆಯಲ್ಲಿ. ಬೇಸಿಗೆಯಲ್ಲಿ ರಾಲಿಯ ಬೆಳಿಗ್ಗೆ 9 ಎಂದರೆ ಬ್ರನೋದಲ್ಲಿ ಮಧ್ಯಾಹ್ನ 3, ಪುಣೆಯಲ್ಲಿ ಸಂಜೆ 6.30. ಚಳಿಗಾಲ ಬಂತೋ, ಬ್ರನೋದಲ್ಲಿ 3 ಹಾಗೇ ಇರುತ್ತದೆ, ಪುಣೆಯಲ್ಲಿ 7.30 ಆಗುತ್ತದೆ. ಗಡಿಯಾರ ಮುಟ್ಟದವರ ವೇಳಾಪಟ್ಟಿಯೇ ಬದಲಾಗುವ ಪವಾಡ ಇದು. ಅಮೆರಿಕದವರು ಗಡಿಯಾರ ಮುಂದೂಡುವುದು ಮಾರ್ಚಿನ ಎರಡನೇ ಭಾನುವಾರ, ಯುರೋಪಿನವರು ಕೊನೆಯ ಭಾನುವಾರ. ನಡುವಿನ ಎರಡು ಮೂರು ವಾರ ಯಾರ ಲೆಕ್ಕವೂ ಯಾರಿಗೂ ತಾಳೆಯಾಗುವುದಿಲ್ಲ. ಏಪ್ರಿಲ್ ಆವೃತ್ತಿಯ ಪರೀಕ್ಷೆಗಳು ಬಿರುಸಾಗಿ ನಡೆಯುವುದೂ ಸರಿಯಾಗಿ ಅದೇ ಮಾರ್ಚಿನಲ್ಲಿ.

ಪ್ರಕಟಣೆಯಲ್ಲಿ ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯ, ಎಂದು ಬರೆದರೆ ರಗಳೆಯೇ ಇಲ್ಲ. ಆದರೆ ಅಷ್ಟು ಸರಳವಾಗಿ ಬರೆದರೆ ಸಂಘಟಕರ ಘನತೆ ಏನಾಗಬೇಕು? ಜುಲೈ ತಿಂಗಳಲ್ಲೂ ಅಮೆರಿಕದ ಪೂರ್ವ ತೀರದ ಚಳಿಗಾಲದ ಸಮಯ ಹಿಡಿದು ‘10 ಗಂಟೆ ಇಎಸ್‌ಟಿ’ ಎನ್ನುತ್ತಾರೆ. ಆ ಹೊತ್ತಿಗೆ ನ್ಯೂಯಾರ್ಕಿನಲ್ಲಿ ಜಾರಿಯಲ್ಲಿರುವುದು ಬೇಸಿಗೆಯ ಸಮಯ ಇಡಿಟಿ, ಹೀಗಾಗಿ ಅಕ್ಷರ ನಂಬಿ ಬಂದವರು ಒಂದು ಗಂಟೆ ತಡ. ಐಎಸ್‌ಟಿ ಎಂದು ಬರೆದರಂತೂ ಭಾರತ, ಐರ್ಲೆಂಡ್, ಇಸ್ರೇಲ್ ಮೂರಕ್ಕೂ ಅದೇ ಅಕ್ಷರ, ಗಡಿಯಾರ ಮಾತ್ರ ಮೂರು ತರಹ. ಈ ಜಂಜಾಟವೇ ಬೇಡವೆಂದು ‘ಇಡೀ ದಿನ’ ಎಂದು ಘೋಷಿಸುವವರೂ ಇದ್ದಾರೆ. ಯಾರ ದಿನ? ಭೂಮಿಯ ಮೇಲೆ ಒಂದು ತಾರೀಖು ಮೊದಲು ಹುಟ್ಟುವ ಕಡೆಯಿಂದ ಕೊನೆಗೆ ಮುಗಿಯುವ ಕಡೆಯವರೆಗೆ 50 ಗಂಟೆ ಬದುಕಿರುತ್ತದೆ. ಉತ್ತರ ಹೇಳಬೇಕಾದ ಡೆವಲಪರ್ ಅದರಲ್ಲಿ ಎಚ್ಚರವಿರುವುದು ತನ್ನ ಊರಿನ ಆಫೀಸು ಸಮಯದಲ್ಲಿ. ಉಳಿದ ಹೊತ್ತು ಚಾಟ್ ರೂಮಿನಲ್ಲಿ ‘ಯಾರಾದರೂ ಇದ್ದೀರಾ’ ಎಂಬ ಒಂದೇ ಸಾಲು, ಅದರ ಕೆಳಗೆ ಹನ್ನೊಂದು ಗಂಟೆಯ ನಂತರ ‘ಈಗ ಇದ್ದೇನೆ’.

ಮುಹೂರ್ತ ಕೂಡಿತು, ಪೂಜಾ ಸಾಮಗ್ರಿ ಎಲ್ಲಿ? ಪರೀಕ್ಷಿಸಬೇಕಾದ ಐಎಸ್‌ಒ ಚಿತ್ರಿಕೆ, ಅಂದರೆ ಇಡೀ ವ್ಯವಸ್ಥೆಯನ್ನು ತುಂಬಿದ ಒಂದೇ ಫೈಲು, ಸಾಮಾನ್ಯವಾಗಿ ರಾತ್ರೋರಾತ್ರಿ ತಾನಾಗಿ ತಯಾರಾಗುವ ನೈಟ್ಲಿ ಕಂಪೋಸ್. ಅದು ತಯಾರಾಗದೆಯೂ ಇರಬಹುದು, ಮತ್ತು ಆ ಸ್ವಾತಂತ್ರ್ಯವನ್ನು ಅದು ಬುಧವಾರ ರಾತ್ರಿಯೇ ಚಲಾಯಿಸುತ್ತದೆ. ಆಗ ವಿಕಿ ಪುಟದಲ್ಲಿ ಹೋದ ತಿಂಗಳ ಕೊಂಡಿ ಅಂಟಿಸುತ್ತಾರೆ. ಹಳೆಯ ನೈಟ್ಲಿಗಳನ್ನು ಸರ್ವರ್ ಅಷ್ಟರಲ್ಲಿ ಗುಡಿಸಿ ಹಾಕಿರುತ್ತದೆ, ಒತ್ತಿದರೆ 404, ಅಂದರೆ ಪುಟವೇ ಇಲ್ಲ. ಕೊಂಡಿ ಸರಿಯಿದ್ದರೆ ಎರಡು ಜಿಬಿ ಮೀರಿದ ಫೈಲು ಇಳಿಯಬೇಕು, ಕೆಡದೆ ಇಳಿದಿದೆಯೇ ಎಂದು ಚೆಕ್‌ಸಮ್ ತಾಳೆ ನೋಡಬೇಕು, ಪೆನ್‌ಡ್ರೈವಿಗೆ ಬರೆಯಬೇಕು. ಇದನ್ನು ಸುಲಭವಾಗಿ ಬರೆದುಕೊಡುವ ಫೆಡೋರಾ ಮೀಡಿಯಾ ರೈಟರ್ ಇರುವಾಗಲೂ ಸೂಚನೆಯಲ್ಲಿ ಕೈಯಾರೆ ಟೈಪ್ ಮಾಡಬೇಕಾದ ಡಿಡಿ ಆಜ್ಞೆಯನ್ನೇ ಕೊಡುವ ಶೂರರಿದ್ದಾರೆ. ಅಲ್ಲಿ ಡ್ರೈವಿನ ಹೆಸರು ಎಸ್‌ಡಿಬಿ ಬದಲು ಎಸ್‌ಡಿಎ ಎಂದು ಒಂದಕ್ಷರ ತಪ್ಪಿದರೆ ಅಳಿಸಿ ಹೋಗುವುದು ಪೆನ್‌ಡ್ರೈವ್ ಅಲ್ಲ, ಸ್ವಯಂಸೇವಕನ ಹಾರ್ಡ್‌ಡಿಸ್ಕು. ಆತ ಮುಂದಿನ ಟೆಸ್ಟ್ ಡೇಗೆ ಬಾರದಿದ್ದರೆ ‘ಉತ್ಸಾಹದ ಕೊರತೆ’.

ಇಷ್ಟೆಲ್ಲ ದಾಟಿ ಒಬ್ಬ ಕನ್ನಡಿಗ ಭಾಷಾ ಪರೀಕ್ಷೆಗೆ ಕೂತ ಎನ್ನಿ. ಭಾಷೆಗಳನ್ನು ಟೈಪ್ ಮಾಡಲು ನೆರವಾಗುವ ಐಬಸ್‌ನಲ್ಲಿ ಕನ್ನಡದ ಕೆಜಿಪಿ ಕೀಲಿಮಣೆ ಹಾಕಿ ‘ರ‍್ಯಾಂಕ್’ ಎಂದು ಹೊಡೆಯುತ್ತಾನೆ. ರ ಅಕ್ಷರಕ್ಕೂ ಹಲಂತಕ್ಕೂ ನಡುವೆ ಕಣ್ಣಿಗೆ ಕಾಣದ ಜೋಡಕ, ಅಂದರೆ ಝಡ್‌ಡಬ್ಲ್ಯುಜೆ, ಕೂರಬೇಕು. ಕೂರದಿದ್ದರೆ ಯ ಮುಂದೆ ಬಂದು ಅದಕ್ಕೆ ಅರ್ಕಾವೊತ್ತು ಅಂಟಿಕೊಂಡು ‘ರ್ಯಾಂಕ್’ ಆಗುತ್ತದೆ. ಆತ ಎರಡೂ ರೂಪದ ಸ್ಕ್ರೀನ್‌ಶಾಟ್ ಹಾಕಿ ‘ಫೇಲ್’ ಎನ್ನುತ್ತಾನೆ. ಡೆವಲಪರ್ ಕಡೆಯಿಂದ ಬರುವ ಪ್ರಶ್ನೆ: ಇವೆರಡರಲ್ಲಿ ಯಾವುದು ಸರಿ? ಅದಕ್ಕೆ ಉತ್ತರ ಕೊಡುವ ಹೊತ್ತಿಗೆ ಈತನ ಊರಿನಲ್ಲಿ ಮಧ್ಯರಾತ್ರಿ.

ಇನ್ನು ಫ್ರೀಜ್, ಅಂದರೆ ಹೊಸ ಬದಲಾವಣೆಗಳಿಗೆ ಬೀಗ. ಬಿಡುಗಡೆಗೆ ಎರಡು ವಾರವಿರುವಾಗ ಫೈನಲ್ ಫ್ರೀಜ್ ಬೀಳುತ್ತದೆ. ಅಲ್ಲಿಂದಾಚೆ ಬ್ಲಾಕರ್ (ಬಿಡುಗಡೆಯನ್ನೇ ತಡೆಯುವ ದೋಷ) ಎಂದೋ ಫ್ರೀಜ್ ಎಕ್ಸೆಪ್ಷನ್ (ವಿನಾಯಿತಿ) ಎಂದೋ ಮಂಜೂರಾದ ತಿದ್ದುಪಡಿಗೆ ಮಾತ್ರ ಒಳಗೆ ಪ್ರವೇಶ. ಟೆಸ್ಟ್ ಡೇಯನ್ನು ಇದರ ಹಿಂದಿನ ದಿನಕ್ಕೆ ಇಟ್ಟರೆ ಅದರಷ್ಟು ಸುರಕ್ಷಿತ ದಿನ ಇನ್ನೊಂದಿಲ್ಲ: ಬಗ್ ಸಿಗುತ್ತದೆ, ಸರಿಮಾಡುವ ಕಷ್ಟ ತಪ್ಪುತ್ತದೆ. ನಾಲ್ಕು ವಾರ ಮೊದಲೇ ಇಟ್ಟು, ಚಿತ್ರಿಕೆಯನ್ನು ಎರಡು ದಿನ ಮುಂಚೆ ಯಾರಾದರೊಬ್ಬರು ಬೂಟ್ ಮಾಡಿ ನೋಡಿ, ಭಾನುವಾರವೂ ಸೇರುವಂತೆ ವಾರವಿಡೀ ತೆರೆದಿಟ್ಟರೆ ಕೆಲಸ ಆಗಿಬಿಡುವ ಅಪಾಯವಿದೆ. ಕರ್ನಲ್‌ನವರು ಈಗಾಗಲೇ ಟೆಸ್ಟ್ ವೀಕ್ ಮಾಡಿ ಈ ಅಪಾಯಕ್ಕೆ ಕೈಹಾಕಿದ್ದಾರೆ.

ಉಳಿದ ವರದಿಗಳು ದೋಷಗಳ ದಾಖಲೆ ತಾಣವಾದ ಬಗ್‌ಜಿಲ್ಲಾದಲ್ಲಿ ನೆಮ್ಮದಿಯಾಗಿರುತ್ತವೆ. ಒಂದು ಫೆಡೋರಾ ಆವೃತ್ತಿಯ ಆಯಸ್ಸು ಸುಮಾರು 13 ತಿಂಗಳು. ಅದು ಮುಗಿದ ದಿನ ಯಾರೂ ಓದದ ವರದಿಗೂ ಕೊನೆಗೊಂದು ಉತ್ತರ ಬರುತ್ತದೆ, ಬರೆಯುವುದು ಯಂತ್ರ: ಈ ಆವೃತ್ತಿಗೆ ಬೆಂಬಲ ಮುಗಿದಿದೆ, ಬಗ್ ಮುಚ್ಚಲಾಗಿದೆ, ಹೊಸದರಲ್ಲೂ ಇದ್ದರೆ ದಯವಿಟ್ಟು ಮತ್ತೆ ತೆರೆಯಿರಿ.