ಆರು ನಿಮಿಷದ ಶಕುನ

ಅಮೆರಿಕದಲ್ಲಿ ಸಾಮಾನ್ಯವಾಗಿ ತಿಂಗಳ ಮೊದಲ ಶುಕ್ರವಾರ ಬೆಳಿಗ್ಗೆ 8.30ಕ್ಕೆ ಕಾರ್ಮಿಕ ಅಂಕಿಅಂಶಗಳ ಬ್ಯೂರೋ ಉದ್ಯೋಗ ವರದಿ ಬಿಡುಗಡೆ ಮಾಡುತ್ತದೆ. ಎಷ್ಟು ಕೆಲಸ ಹೆಚ್ಚಿತು, ನಿರುದ್ಯೋಗ ಎಷ್ಟಾಯಿತು ಅಂತ ಟೀವಿಯವರು ಕೂಗುತ್ತಿರುವಾಗ ಪಳಗಿದ ಪಂಡಿತರು ಆ ಕಡೆ ತಲೆಯೇ ಹಾಕುವುದಿಲ್ಲ. ದೇಶದ ಆರ್ಥಿಕತೆ ಮುಂದೆ ಏರುತ್ತದೋ ಇಳಿಯುತ್ತದೋ ಅಂತ ತಿಳಿಯಲು, ಕಾರ್ಖಾನೆ ಕಾರ್ಮಿಕ ವಾರಕ್ಕೆ ಸರಾಸರಿ ಎಷ್ಟು ಗಂಟೆ ದುಡಿದ ಎನ್ನುವ ಸಾಲನ್ನು ಹುಡುಕಿಕೊಂಡು ಹೋಗುತ್ತಾರೆ. ಅದು ಮಾಮೂಲಿಗೆ 40ರ ಆಸುಪಾಸಿನಲ್ಲೇ ಬಿದ್ದುಕೊಂಡಿರುತ್ತದೆ. ಕದಲಿದರೆ ಎಷ್ಟೋ ಸಲ 0.1 ಗಂಟೆ. ಅಂದರೆ ಆರು ನಿಮಿಷ. ಕೈಗೆ ಮೆತ್ತಿದ ಗ್ರೀಸ್ ತೊಳೆದು, ಲಾಕರ್‌ಗೆ ಬೀಗ ಹಾಕುವುದರೊಳಗೆ ಮುಗಿದುಹೋಗುವ ಆರು ನಿಮಿಷ. ಹಲ್ಲಿ ಯಾವ ದಿಕ್ಕಿನಲ್ಲಿ ಲೊಚಗುಟ್ಟಿತು ಅಂತ ಕೇಳಿ ಫಲ ಹೇಳುವವರೂ ಇಷ್ಟು ಸಣ್ಣ ಸದ್ದಿಗೆ ಇಷ್ಟು ದೊಡ್ಡ ಭವಿಷ್ಯ ಹೇಳಿದವರಲ್ಲ.

ಹಾಗಂತ ಶಕುನ ಪೂರ್ತಿ ಸುಳ್ಳೂ ಅಲ್ಲ, ತಮಾಷೆ ಇರುವುದೇ ಅಲ್ಲಿ. ಆರ್ಡರ್ ಕಡಿಮೆಯಾದ ಕೂಡಲೇ ಮಾಲೀಕ ಜನರನ್ನು ಮನೆಗೆ ಕಳಿಸುವುದಿಲ್ಲ. ಪಳಗಿದ ಕೈ ಮತ್ತೆ ಸಿಗುವುದು ಕಷ್ಟ. ಮೊದಲು ಓಟಿ ನಿಲ್ಲಿಸುತ್ತಾನೆ, ಆಮೇಲೆ ಶಿಫ್ಟ್ ಮೊಟಕು ಮಾಡುತ್ತಾನೆ. 1938ರಲ್ಲಿ ಬಂದ ಕಾನೂನಿನ ದಯೆಯಿಂದ ಅಲ್ಲಿ ವಾರಕ್ಕೆ 40 ಗಂಟೆ ದಾಟಿದರೆ ಒಂದೂವರೆ ಪಟ್ಟು ಕೂಲಿ. ಕತ್ತರಿ ಮೊದಲು ಬೀಳುವುದು ಅದಕ್ಕೇ. ಆರ್ಡರ್ ಹೆಚ್ಚಾದಾಗಲೂ ಅದೇ ಕಥೆ: ಹೊಸಬರನ್ನು ಸೇರಿಸಿಕೊಳ್ಳುವ ಮುಂಚೆ ಇದ್ದವರನ್ನೇ ಹಿಂಡುವುದು. ಹೀಗಾಗಿ ಕಾರ್ಮಿಕನ ಸೊಂಟ ನೋವು ಬಂದರೆ ಅದು ಚೇತರಿಕೆ. ಜೇಬು ಹಗುರಾದರೆ ಮುನ್ಸೂಚನೆ. ನೋಟಿಸ್ ಬೋರ್ಡಿನಲ್ಲಿ ಮುಂದಿನ ವಾರದ ಶಿಫ್ಟ್ ಪಟ್ಟಿ ಅಂಟಿಸಿದ ದಿನವೇ ಅವನಿಗೆ ಎಲ್ಲ ಗೊತ್ತಾಗಿರುತ್ತದೆ. ಆದರೆ ಅವನನ್ನು ಕೇಳುವವರು ಯಾರು? ಅವನು ಸೂಚ್ಯಂಕದ ಘಟಕ, ಆರ್ಥಿಕ ತಜ್ಞನಲ್ಲ.

ವಾರದ ಗಂಟೆಗಳ ಈ ಅಂಕಿಯನ್ನು ಇನ್ನೂ ಒಂಬತ್ತರ ಜೊತೆ ಕಲಸಿ ಕಾನ್ಫರೆನ್ಸ್ ಬೋರ್ಡ್ ಎಂಬ ಸಂಸ್ಥೆ, ಆರ್ಥಿಕತೆ ಯಾವ ಕಡೆ ಹೊರಟಿದೆ ಅಂತ ಮೊದಲೇ ಹೇಳುವ ಮುನ್ಸೂಚಕ ಸೂಚ್ಯಂಕ ತಯಾರಿಸುತ್ತದೆ. ಒಂಬತ್ತರಲ್ಲಿ ಷೇರು ಬೆಲೆಯೂ ಒಂದು. ಮುಂದೇನು ಕಾದಿದೆ ಅಂತ ಷೇರುಪೇಟೆ ಸೂಚ್ಯಂಕದ ಮುಖ ನೋಡುತ್ತದೆ, ಸೂಚ್ಯಂಕ ಷೇರುಪೇಟೆಯ ಮುಖ ನೋಡುತ್ತದೆ. 2022ರಲ್ಲಿ ಇಳಿಯಲು ಹಿಡಿದ ಸೂಚ್ಯಂಕ ತಿಂಗಳುಗಟ್ಟಲೆ ಇಳಿಯುತ್ತಲೇ ಹೋಯಿತು. ಆರ್ಥಿಕ ಹಿಂಜರಿತ ಬಂತು, ಬಂತು ಅಂದರು. ಬರಲಿಲ್ಲ. 2024ರ ಫೆಬ್ರುವರಿಯಲ್ಲಿ ಬೋರ್ಡು, ಸೂಚ್ಯಂಕ ಈಗ ಹಿಂಜರಿತವನ್ನು ಸೂಚಿಸುತ್ತಿಲ್ಲ ಎಂದು ಹೇಳಿ ಕೈತೊಳೆದುಕೊಂಡಿತು. ಅಂದಹಾಗೆ, ಆ ದೇಶದ ನೌಕರಿಗಳಲ್ಲಿ ಕಾರ್ಖಾನೆಗಳ ಪಾಲು ಹತ್ತರಲ್ಲಿ ಒಂದೂ ಇಲ್ಲ.

ಇನ್ನು ಸರಾಸರಿಯ ಮಹಿಮೆ. ಈ ಗಂಟೆಗಳ ಲೆಕ್ಕ ಕೊಡುವ ಬ್ಯೂರೋದ ಸಮೀಕ್ಷೆ ಎಣಿಸುವುದು ನೌಕರಿಗಳನ್ನು, ಮನುಷ್ಯರನ್ನಲ್ಲ. ಎರಡು ಕಡೆ 25 ಗಂಟೆಯಂತೆ ದುಡಿಯುವವನು ಲೆಕ್ಕಕ್ಕೆ 25 ಗಂಟೆಯ ಎರಡು ನೌಕರಿ. 50 ಗಂಟೆಯ ಸುಸ್ತಿಗೆ ಕೋಷ್ಟಕದಲ್ಲಿ ಅಂಕಣವಿಲ್ಲ. 2020ರ ಏಪ್ರಿಲ್ ಅಂತೂ ಚಿನ್ನದಂಥ ತಿಂಗಳು. ಒಂದೇ ತಿಂಗಳಲ್ಲಿ ಎರಡು ಕೋಟಿಗೂ ಹೆಚ್ಚು ನೌಕರಿ ಹೋದವು, ಕಾರ್ಖಾನೆ ವಾರ ಎರಡು ಗಂಟೆ ಕುಗ್ಗಿತು. ಅದೇ ವರದಿಯಲ್ಲಿ ಖಾಸಗಿ ವಲಯದ ಸರಾಸರಿ ಗಂಟೆ ಕೂಲಿ ಮಾತ್ರ 1.34 ಡಾಲರ್ ಜಿಗಿದು 30.01 ಡಾಲರ್‌ಗೆ ಮುಟ್ಟಿತು! ಯಾರ ಸಂಬಳವೂ ಏರಿದ್ದಲ್ಲ. ಹೋಟೆಲು, ಅಂಗಡಿಗಳಲ್ಲಿ ಕಡಿಮೆ ಕೂಲಿಗೆ ದುಡಿಯುತ್ತಿದ್ದವರು ಸಾಲುಸಾಲಾಗಿ ಲೆಕ್ಕದಿಂದ ಹೊರಬಿದ್ದಿದ್ದರು. ಹೋಗುವಾಗ ದೇಶದ ಸರಾಸರಿಗೆ ಅವರು ಮಾಡಿಹೋದ ಉಪಕಾರ ಅದು.

ಹೀಗಿರುವಾಗ ಆರ್ಥಿಕತೆಯನ್ನು ಮೇಲೆತ್ತುವುದೇನು ಮಹಾ ಕಷ್ಟ? ಸಮೀಕ್ಷೆ ಗಮನಿಸುವುದು ತಿಂಗಳ 12ನೇ ತಾರೀಖು ಬೀಳುವ ಸಂಬಳದ ಅವಧಿಯನ್ನು ಮಾತ್ರ. ಆ ವಾರ ಒಂದು ಸಂಜೆ ಎಲ್ಲ ಕಾರ್ಖಾನೆಗಳ ಗೇಟು ಆರು ನಿಮಿಷ ತಡವಾಗಿ ತೆಗೆದರೆ ಸಾಕು. ಸೂಚ್ಯಂಕ ಏರುತ್ತದೆ, ಪಂಡಿತರ ಮುಖ ಅರಳುತ್ತದೆ, ಮಂತ್ರಿಗಳು ಟೈ ಸರಿಮಾಡಿಕೊಂಡು ಕ್ಯಾಮೆರಾ ಮುಂದೆ ನಿಲ್ಲುತ್ತಾರೆ. ಒಂದೇ ತೊಡಕು: ಲೆಕ್ಕಕ್ಕೆ ಬರುವುದು ಕೂಲಿ ಕೊಟ್ಟ ಗಂಟೆ ಮಾತ್ರ. ಆ ಆರು ನಿಮಿಷದ ದುಡ್ಡು ಯಾರು ಕೊಡಬೇಕು ಎಂಬಲ್ಲಿಗೆ ಬಂದು ಯೋಜನೆ ಸದ್ಯ ನಿಂತಿದೆ.