ಮಡಿಯೊಳಗಿನ ಮೀನೆಣ್ಣೆ

ರಾಯಚೂರಿನಲ್ಲಿ ಈಗ ಮೀನಿನ ಬಗ್ಗೆ ಅಧಿಕಾರವಾಣಿಯಿಂದ ಮಾತಾಡುವವರು ಯಾರು ಗೊತ್ತೇ? ಹುಟ್ಟಿದಾಗಿನಿಂದ ಮೀನು ಮುಟ್ಟದವರು. ಬೆಳಗಿನ ವಾಕಿಂಗ್ ಮುಗಿಸಿ ಚಹಾದಂಗಡಿ ಮುಂದೆ ನಿಂತ ಹಿರಿಯರ ಗುಂಪಿಗೆ ಸ್ವಲ್ಪ ಕಿವಿಗೊಡಿ. ಸಾಲ್ಮನ್, ಕಾಡ್, ಆಂಚೊವಿ, ಕ್ರಿಲ್ ಎಂಬ ಕಡಲಜೀವಿಗಳ ಹೆಸರುಗಳು ಸಹಸ್ರನಾಮದ ಓಘದಲ್ಲಿ ಹೊರಬರುತ್ತವೆ. ಬಡಗಲಿಗೆ ಕೃಷ್ಣೆ, ತೆಂಕಲಿಗೆ ತುಂಗಭದ್ರೆ, ನಡುವೆ ನಮ್ಮ ಎಡೆದೊರೆ ನಾಡು. ಈ ಎರಡು ಹೊಳೆಯ ರೋಹು ಯಾವುದು, ಕಟ್ಲಾ ಯಾವುದು ಅಂದರೆ ಅವರು ಮೂಗು ಮುಚ್ಚಿಕೊಳ್ಳುತ್ತಾರೆ. ಪೆರು ದೇಶದ ಕಡಲಿನ ಆಂಚೊವಿಯ ಗುಣಗಾನ ಮಾತ್ರ ಸಾಂಗವಾಗಿ ನಡೆಯುತ್ತದೆ.

ನಾನಿರುವ ಮನೆಯ ಮಾಲಕರು ಈ ಗುಂಪಿನ ಹಿರಿಯ ಸದಸ್ಯರು. ಗೇಟಿನ ಮೇಲೆ 'ಶುದ್ಧ ಸಸ್ಯಾಹಾರಿಗಳಿಗೆ ಮಾತ್ರ' ಎಂಬ ಬೋರ್ಡು, ಕೆಂಪು ಅಕ್ಷರ. ಹಿಂದಿನ ಬಾಡಿಗೆದಾರರು ಒಂದು ಸಂಜೆ ತತ್ತಿ ಒಡೆದದ್ದಕ್ಕೆ ತಿಂಗಳು ತುಂಬುವ ಮೊದಲೇ ಸಾಮಾನು ಕಟ್ಟಬೇಕಾಯಿತು. ಇಂಥವರ ಫ್ರಿಜ್ಜಿನ ಬಾಗಿಲು ತೆರೆದರೆ, ದೇವರ ಹೂವಿನ ಪೊಟ್ಟಣಕ್ಕೂ ಹಾಲಿನ ಪಾಕೀಟಿಗೂ ನಡುವೆ ಬಂಗಾರದ ಬಣ್ಣದ ಮೀನೆಣ್ಣೆ ಗುಳಿಗೆಗಳ ಡಬ್ಬಿ. ಮಾಂಸಾಹಾರದ ಗುರುತಾದ ಕಂದು ಚೌಕ, ಅದರೊಳಗಿನ ಕಂದು ತ್ರಿಕೋನ ಎರಡೂ ಅದರ ಮೂಲೆಯಲ್ಲಿವೆ. ಮೊದಲು ಅಲ್ಲಿ ಕಂದು ಚುಕ್ಕೆ ಇರುತ್ತಿತ್ತು. ಬಣ್ಣ ಗುರುತಿಸಲಾಗದವರಿಗೂ ತಿಳಿಯಲಿ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ ಚುಕ್ಕೆ ತೆಗೆದು ತ್ರಿಕೋನ ಮಾಡಿಸಿತು. ಮೆಡಿಕಲ್‌ನವನು ಆ ತ್ರಿಕೋನದ ಮೇಲೆಯೇ ಬೆಲೆಯ ಚೀಟಿ ಅಂಟಿಸಿದ್ದಾನೆ. ಎಲ್ಲ ಡಬ್ಬಿಯ ಚೀಟಿಯನ್ನೂ ಉಗುರಿನಿಂದ ಕೆರೆದು ಹಳೆಯ ಬೆಲೆ ಹುಡುಕುವ ಮಾಲಕರು ಇದೊಂದನ್ನು ಕೆರೆದಿಲ್ಲ.

ಕೇಳಿದರೆ ಉತ್ತರ ಸಿದ್ಧ. "ಅದು ಔಷಧ ರೀ. ಔಷಧಕ್ಕ ಮಡಿ ಮೈಲಿಗಿ ಎಲ್ಲಿಂದು?"

ಡಬ್ಬಿಯ ಇನ್ನೊಂದು ಮಗ್ಗುಲಿಗೆ, ಕಾನೂನಿನ ಒತ್ತಾಯಕ್ಕೆ ಅಚ್ಚು ಹಾಕಿದ ಸಾಲೊಂದಿದೆ: ಔಷಧವಾಗಿ ಬಳಸಲು ಅಲ್ಲ. ಅಂದರೆ ಇದು ಔಷಧ ಅಲ್ಲ, ಆಹಾರ. ಆಹಾರ ಅಂದಮೇಲೆ ಅದು ಮೀನು. ತರ್ಕ ಇಲ್ಲಿಗೆ ಬಂದು ಮುಟ್ಟುತ್ತಲೇ ಮಾಲಕರು ಎಡದಂಡೆ ನಾಲೆಗೆ ಈ ಸಲ ಯಾವಾಗ ನೀರು ಬಿಡುತ್ತಾರೆ ಎಂದು ವಿಚಾರಿಸತೊಡಗುತ್ತಾರೆ. ಗುಳಿಗೆಯ ಮೆತ್ತನೆಯ ಸಿಪ್ಪೆಯ ವಿಷಯ ನಾನು ಎತ್ತಿಲ್ಲ. ಅದು ಸಾಮಾನ್ಯವಾಗಿ ಜೆಲಟಿನ್. ಜೆಲಟಿನ್ ಮಾಡುವುದು ದನ, ಹಂದಿ ಅಥವಾ ಮೀನಿನ ಚರ್ಮ, ಎಲುಬುಗಳಿಂದ. ಎತ್ತುವುದೂ ಇಲ್ಲ, ಇನ್ನೂ ಕೆಲವು ವರ್ಷ ನನಗೆ ಈ ಊರಿನಲ್ಲಿ ಮನೆ ಬೇಕು.

ಆರಿಸಿಕೊಳ್ಳುವ ವೈಭವವನ್ನು ಮೆಡಿಕಲ್‌ನ ಕೌಂಟರಿನಲ್ಲೇ ನೋಡಬೇಕು.

"ಮೀನೆಣ್ಣಿ ಗುಳಿಗಿ ಕೊಡಪ್ಪ. ಚಲೋದು."

"ಇದು ಸಾವಿರ ಎಂಜಿ ಐತ್ರಿ ಸರ. ಇದು ಹನ್ನೆರಡುನೂರು."

"ಹನ್ನೆರಡುನೂರಿಂದೇ ಕೊಡು. ಕಮ್ಮಿದು ಯಾಕ?"

ವ್ಯವಹಾರ ಮುಗಿಯಿತು. ಈ ಊರಿನ ಜನ ಎಪಿಎಂಸಿಯಲ್ಲಿ ಹತ್ತಿ ಮಾರುವಾಗ, ಕೊಳ್ಳುವಾಗ ಮುಷ್ಟಿಯಲ್ಲಿ ಹಿಂಡಿ ತೇವ ನೋಡುತ್ತಾರೆ, ಕಸ ಕಳೆಯುತ್ತಾರೆ, ಒಂದು ಕಿಲೋಗಾಗಿ ಅರ್ಧ ದಿನ ಜಗಳಾಡುತ್ತಾರೆ. ಅದೇ ಕೈಗಳು ಮೀನೆಣ್ಣೆಯ ಡಬ್ಬಿಯನ್ನು ತಿರುವಿ ಹಿಂಬದಿ ನೋಡುವುದಿಲ್ಲ. ನೋಡಿದ್ದರೆ ಮೊಬೈಲಿನ ಬೆಳಕಿನಲ್ಲಿ ಕಾಣುತ್ತಿತ್ತು: ಸಾಮಾನ್ಯ ಸಾವಿರ ಎಂಜಿ ಗುಳಿಗೆಯಲ್ಲಿ ಇಪಿಎ 180, ಡಿಎಚ್‌ಎ 120. ಹೃದಯಕ್ಕೆ ಒಳ್ಳೆಯದೆಂದು ನಾವು ದುಡ್ಡು ಕೊಡುತ್ತಿರುವ ಒಮೆಗಾ-3 ಕೊಬ್ಬು ಅಂದರೆ ಈ ಎರಡೇ, ಕೂಡಿಸಿದರೆ 300. ಉಳಿದ 700 ಬೇರೆ ಕೊಬ್ಬು. ಮುಂಬದಿಯ ಸಾವಿರ ಮೀನೆಣ್ಣೆಯ ತೂಕವೇ ಹೊರತು ಒಮೆಗಾದ್ದಲ್ಲ. ಡಬ್ಬಿ ಸುಳ್ಳು ಹೇಳಿಲ್ಲ. ನಿಜವನ್ನು ಇರುವೆ ಗಾತ್ರದಲ್ಲಿ ಹೇಳಿದೆ, ಅಷ್ಟೆ.

ಇನ್ನು ನಮ್ಮ ಬಿಸಿಲು. ಈ ಎಣ್ಣೆಗೆ ಗಾಳಿ, ಬೆಳಕು, ಕಾವು ಮೂರೂ ಆಗುವುದಿಲ್ಲ, ಬೇಗ ಕಮಟು ಹಿಡಿಯುತ್ತದೆ. 'ತಂಪಾದ, ಒಣ ಜಾಗದಲ್ಲಿಡಿ' ಎಂದು ಡಬ್ಬಿಯ ಮೇಲೆ ಸಲಹೆ. ಏಪ್ರಿಲ್, ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ರಾಯಚೂರಿನಲ್ಲಿ ಒಣ ಜಾಗಕ್ಕೇನೂ ಬರವಿಲ್ಲ, ತಂಪು ಜಾಗ ಎಲ್ಲಿ ಅಂತ ಅವರೇ ಬಂದು ತೋರಿಸಬೇಕು. ತಗಡಿನ ಗೋದಾಮು, ಅಲ್ಲಿಂದ ಕೊರಿಯರ್ ಹುಡುಗನ ಬೈಕಿನ ಚೀಲ, ಅಲ್ಲಿಂದ ಪಡುವಣ ಬಿಸಿಲು ನೇರ ಬೀಳುವ ಗಾಜಿನ ಕಪಾಟು. ಇಷ್ಟು ಯಾತ್ರೆ ಮುಗಿಸಿದ ಮೇಲೆ ಡಬ್ಬಿ ಫ್ರಿಜ್ಜಿಗೆ ಬರುತ್ತದೆ. ಕೆಟ್ಟಿದೆಯೋ ಇಲ್ಲವೋ ತಿಳಿಯಲು ಸುಲಭದ ದಾರಿ, ಒಂದು ಗುಳಿಗೆ ಒಡೆದು ಮೂಸಿ ನೋಡುವುದು. ಹಳಸಿದ, ಮೂಗಿಗೆ ಹೊಡೆಯುವ ಕಮಟು ಬಂದರೆ ಬಿಸಾಡಬೇಕು. ನಿಂಬೆ, ವೆನಿಲ್ಲಾ ಪರಿಮಳ ಬೆರೆಸಿದವುಗಳಲ್ಲಿ ಮೂಗೂ ಮೋಸ ಹೋಗಬಹುದು, ಆ ಮಾತು ಬೇರೆ.

"ಒಂದು ಕಚ್ಚಿ ನೋಡ್ರಿ" ಅಂದೆ ಮಾಲಕರಿಗೆ.

ಅವರು ಬೆಚ್ಚಿಬಿದ್ದರು. "ಕಚ್ಚಿದ್ರ ಮೀನು ತಿಂದಂಗ ಆಗಂಗಿಲ್ಲೇನ್ರಿ? ನುಂಗಿದ್ರ ದೋಷ ಇಲ್ಲ."

ಧರ್ಮಶಾಸ್ತ್ರದ ಈ ಸೂಕ್ಷ್ಮ ನನಗೆ ಹೊಳೆದಿರಲಿಲ್ಲ. ಹಲ್ಲಿಗೆ ತಾಗಿದರೆ ಪಾಪ, ಗಂಟಲಿಗೆ ಜಾರಿದರೆ ಪಥ್ಯ. ಆದರೆ ಹೊಟ್ಟೆಗೆ ಈ ಶಾಸ್ತ್ರ ಯಾರೂ ಹೇಳಿಕೊಟ್ಟಿಲ್ಲ. ಗುಳಿಗೆ ನುಂಗಿ ಪೂಜೆಗೆ ಕುಳಿತ ಹೊತ್ತಿನಲ್ಲಿ ಒಂದು ತೇಗು ಬರುತ್ತದೆ, ಮೀನಿನ ಮಾರುಕಟ್ಟೆಯನ್ನೇ ಹೊತ್ತು ತರುತ್ತದೆ. ಆಗ ಅಮ್ಮಾವರು ಅಡುಗೆಮನೆಯ ಕಿಟಕಿಯಿಂದ ನಮ್ಮ ಮನೆಯ ಕಡೆ ದುರುಗುಟ್ಟಿ, "ಯಾರೋ ಮೀನು ಮಾಡ್ಯಾರ ನೋಡ್ರಿ" ಅನ್ನುತ್ತಾರೆ. ನಮ್ಮ ಒಲೆಯ ಮೇಲೆ ಪುಂಡಿಪಲ್ಯ.

ಸಸ್ಯಾಹಾರಿಗಳಿಗೆ ದಾರಿ ಇಲ್ಲವೆಂದಲ್ಲ. ಇಪಿಎ, ಡಿಎಚ್‌ಎಗಳನ್ನು ಮೂಲದಲ್ಲಿ ತಯಾರಿಸುವುದು ಮೀನಲ್ಲ, ನೀರಿನ ಸೂಕ್ಷ್ಮ ಪಾಚಿ. ಪಾಚಿಯನ್ನು ಸಣ್ಣ ಜೀವಿ ತಿಂದು, ಅದನ್ನು ಮೀನು ತಿಂದು, ಎಣ್ಣೆ ಮೇಲಕ್ಕೆ ಬರುತ್ತದೆ. ಪಾಚಿಯಿಂದಲೇ ನೇರವಾಗಿ ತೆಗೆದ ಎಣ್ಣೆಯ ಗುಳಿಗೆಗಳೂ ಮಾರುಕಟ್ಟೆಯಲ್ಲಿವೆ. ಇದನ್ನು ತಿಳಿಸಿದಾಗ ಮಾಲಕರ ಮುಖ ಕಿವುಚಿತು. "ಏನ್ರಿ, ಮಾವಿನಕೆರಿ ಪಾಚಿ ತಿನ್ನಂತೀರಿ? ನಾವೇನು ಎಮ್ಮಿ ಏನ್ರಿ?" ಸಸ್ಯ ಅಂದರೆ ಅಸಹ್ಯ, ಮೀನು ಅಂದರೆ ಸಹ್ಯ. ಇಂಥ ಶುದ್ಧ ಸಸ್ಯಾಹಾರ ಬೇರೆ ಜಿಲ್ಲೆಗಳಲ್ಲಿ ಸಿಗಲಿಕ್ಕಿಲ್ಲ.

ಅಗಸಿ ಹಿಂಡಿಯ ಅಭಿಮಾನಿಗಳು ಈಗಲೇ ಹಿಗ್ಗಬೇಡಿ. ಅಗಸಿಯಲ್ಲಿರುವ ಒಮೆಗಾ ಬೇರೆ ಬಗೆಯದು, ಎಎಲ್‌ಎ ಎಂದು ಅದರ ಹೆಸರು. ದೇಹ ಅದರಲ್ಲಿ ಸ್ವಲ್ಪವನ್ನು ಮಾತ್ರ ಇಪಿಎ ಮಾಡಿಕೊಳ್ಳುತ್ತದೆ, ಡಿಎಚ್‌ಎ ಇನ್ನೂ ಕಡಿಮೆ. ಸಜ್ಜೆ ರೊಟ್ಟಿಗೆ ಹಚ್ಚಿಕೊಂಡು ಉಣ್ಣಿ, ರುಚಿಗಾಗಿ.

ಇಷ್ಟೆಲ್ಲ ಮಾಡಿ ಹೃದಯಕ್ಕೆ ಸಿಕ್ಕಿದ್ದೇನು? ಎಪ್ಪತ್ತರ ದಶಕದಲ್ಲಿ ಡೆನ್ಮಾರ್ಕಿನ ವೈದ್ಯರು ಕಡಲಿನ ಆಹಾರವನ್ನೇ ಹೆಚ್ಚಾಗಿ ಉಣ್ಣುವ ಗ್ರೀನ್‌ಲ್ಯಾಂಡಿನ ಇನ್ಯುಟ್ ಜನರ ರಕ್ತ ಪರೀಕ್ಷಿಸಿದಾಗಿನಿಂದ ಈ ಮೀನೆಣ್ಣೆಯ ಭರವಸೆ ಬೆಳೆಯಿತು. 2018ರಲ್ಲಿ ಅಮೆರಿಕದ ವೈಟಲ್ ಅಧ್ಯಯನದ ಫಲಿತಾಂಶ ಬಂತು: 25,871 ಜನ, ದಿನಕ್ಕೊಂದು ಗ್ರಾಮಿನ ಗುಳಿಗೆ. ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಸಾವು ಎಲ್ಲ ಕೂಡಿಸಿ ನೋಡಿದರೆ, ಹೋಲಿಕೆಗೆಂದು ಕೊಟ್ಟ ಹುಸಿ ಗುಳಿಗೆ ನುಂಗಿದವರಿಗಿಂತ ಗಮನಾರ್ಹ ಲಾಭ ಕಾಣಲಿಲ್ಲ. ಅದೇ ವರ್ಷ ಬ್ರಿಟನ್ನಿನಲ್ಲಿ 15,480 ಸಕ್ಕರೆ ಕಾಯಿಲೆಯವರ ಮೇಲೆ ನಡೆದ ಅಸೆಂಡ್ ಅಧ್ಯಯನವೂ ಬಹುತೇಕ ಇದನ್ನೇ ಹೇಳಿತು. ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಏರಿದ, ಹೃದಯದ ಅಪಾಯ ಹೆಚ್ಚಿದ್ದವರಿಗೆ ದಿನಕ್ಕೆ 4 ಗ್ರಾಂ ಶುದ್ಧೀಕರಿಸಿದ ಇಪಿಎ ಕೊಟ್ಟ ಇನ್ನೊಂದು ಅಧ್ಯಯನದಲ್ಲಿ ಲಾಭ ಕಂಡಿತು. ಅದು ವೈದ್ಯರು ಬರೆದುಕೊಡಬೇಕಾದ ಔಷಧ. ಅಷ್ಟು ಇಪಿಎಯನ್ನು ನಮ್ಮ ಮೆಡಿಕಲ್‌ನ ಡಬ್ಬಿಯಿಂದ ಪಡೆಯಬೇಕೆಂದರೆ ದಿನಕ್ಕೆ ಇಪ್ಪತ್ತಕ್ಕೂ ಹೆಚ್ಚು ಗುಳಿಗೆ ನುಂಗಬೇಕು. ಜಾಸ್ತಿ ಪ್ರಮಾಣದಿಂದ ಹೃದಯದ ಬಡಿತ ತಾಳ ತಪ್ಪುವ ಸಂಭವವೂ ತುಸು ಹೆಚ್ಚುತ್ತದೆ.

ಹೃದ್ರೋಗ ತಜ್ಞರ ಸಂಘಟನೆಗಳು ಬಹುಕಾಲದಿಂದ ಹೇಳುತ್ತ ಬಂದದ್ದು ಬೇರೆಯೇ: ವಾರಕ್ಕೆರಡು ಸಲ ಮೀನು ತಿನ್ನಿ. ಇದನ್ನು ನಮ್ಮಲ್ಲಿ ಯಾರೂ ಕೇಳಿಸಿಕೊಳ್ಳುವುದಿಲ್ಲ. ವಾಕಿಂಗ್ ಗುಂಪು ಒಂದು ಗುಳಿಗೆ ನುಂಗಿ, ಅದರ ಧೈರ್ಯದ ಮೇಲೆ ಒಂದು ತಟ್ಟೆ ಒಗ್ಗರಣಿ, ನಾಲ್ಕು ಮಿರ್ಚಿ ಬಾರಿಸುತ್ತದೆ.

ಇದೇ ಜನ 2021ರ ಡಿಸೆಂಬರಿನಲ್ಲಿ ಬಹಳ ಸಂಕಟಪಟ್ಟಿದ್ದರು. ಮಕ್ಕಳ ಅಪೌಷ್ಟಿಕತೆ ನೋಡಿ ರಾಯಚೂರು, ಕೊಪ್ಪಳ, ಬಳ್ಳಾರಿ ಸೇರಿ ಈ ಭಾಗದ ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡಲು ಸರ್ಕಾರ ಶುರು ಮಾಡಿತ್ತು. ತಿನ್ನದವರಿಗೆ ಬಾಳೆಹಣ್ಣು ಇತ್ತು. ಆದರೂ ಕೆಲವು ಮಠಾಧೀಶರು ವಿರೋಧಿಸಿದರು, ನಮ್ಮ ಚಹಾದಂಗಡಿಯ ಮುಂದೆ ಸಂಸ್ಕೃತಿಯ ಗತಿ ಏನಾಯಿತೆಂದು ವಾರಗಟ್ಟಲೆ ಚರ್ಚೆ ನಡೆಯಿತು. ಕೂಲಿಯವರ ಮಗು ತಿನ್ನುವ ತತ್ತಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಸಾಹುಕಾರರ ಫ್ರಿಜ್ಜಿನೊಳಗಿನ ಮೀನಿನ ಮೇಲೆ ಚೀಟಿ ಅಂಟಿರುತ್ತದೆ.

ಮೊನ್ನೆ ಉಡುಪಿ ಕಡೆಯ ಬ್ಯಾಂಕಿನ ಹುಡುಗನೊಬ್ಬ ವರ್ಗವಾಗಿ ಬಂದು ಪಕ್ಕದ ಖಾಲಿ ಮನೆ ಕೇಳಿದ. ಊರಿನ ಹೆಸರು ಕೇಳಿಯೇ ಮಾಲಕರ ಮೂಗಿನ ಹೊಳ್ಳೆ ಅರಳಿದವು.

"ಮೀನು ತಿಂತೀರೇನ್ರಿ?"

ಹುಡುಗ ಚಾಲಾಕಿ. "ಕ್ಯಾಪ್ಸೂಲ್‌ನಲ್ಲಿ ಮಾತ್ರ ಸರ್."

"ಹಂಗಾದ್ರ ಬರ್ರಿ ಬರ್ರಿ, ಕುಂದರ್ರಿ. ಸಾವಿರದ್ದೋ, ಹನ್ನೆರಡುನೂರಿಂದೋ?"