ದೇವರಿಗೇಕೆ ಕೋಚಿಂಗ್ ಅನುಭವ?

ರಾಷ್ಟ್ರೀಯ ಫುಟ್‌ಬಾಲ್ ತಂಡದ ಕೋಚ್ ಆಗಲು ಯಾವ ಅರ್ಹತೆ ಬೇಕೆಂಬ ಕಗ್ಗಂಟನ್ನು ಅರ್ಜೆಂಟೀನಾದ ಫುಟ್‌ಬಾಲ್ ಸಂಸ್ಥೆ 2008ರ ಕೊನೆಯಲ್ಲಿ ಬಹಳ ಸರಳವಾಗಿ ಬಿಡಿಸಿತು. ಅಭ್ಯರ್ಥಿಯು 1986ರ ವಿಶ್ವಕಪ್‌ನಲ್ಲಿ ಇಂಗ್ಲೆಂಡಿನ ವಿರುದ್ಧ ಒಂದು ಗೋಲನ್ನು ಕೈಯಿಂದಲೂ, ನಾಲ್ಕು ನಿಮಿಷಗಳ ತರುವಾಯ ಮತ್ತೊಂದನ್ನು ಅರ್ಧ ಎದುರಾಳಿ ತಂಡವನ್ನೇ ಹಿಂದಿಕ್ಕಿ ಕಾಲಿನಿಂದಲೂ ಹೊಡೆದಿರಬೇಕು, ಅಷ್ಟೇ. ಇಂಥ ಅಭ್ಯರ್ಥಿ ಭೂಮಂಡಲದಲ್ಲಿ ಒಬ್ಬರೇ ಇದ್ದುದರಿಂದ ಅಭಿಮಾನಿಗಳ ಪಾಲಿಗೆ ದೇವರೇ ಆಗಿದ್ದ ಡಿಯಾಗೊ ಮರಡೋನಾ ಅವರ ಆಯ್ಕೆಯಲ್ಲಿ ಯಾವ ಗೊಂದಲವೂ ಉಂಟಾಗಲಿಲ್ಲ.

ದಕ್ಷಿಣ ಅಮೆರಿಕದ ಕ್ಲಬ್ ತಂಡಗಳ ಅಗ್ರ ಟೂರ್ನಿಯಾದ ಕೋಪಾ ಲಿಬರ್ಟಡೋರೆಸ್ ಟ್ರೋಫಿಯನ್ನು ಕೋಚ್ ಆಗಿ ನಾಲ್ಕು ಬಾರಿ ಗೆದ್ದಿದ್ದ ಕಾರ್ಲೋಸ್ ಬಿಯಾಂಕಿ ಅವರು ಅದೇ ದೇಶದಲ್ಲಿ ಇದ್ದರು ನಿಜ. ಆದರೆ ಗೆದ್ದು ತೋರಿಸಿದವರನ್ನು ನೇಮಿಸುವುದರಲ್ಲಿ ಸಾಹಸವೇನಿದೆ? ಮರಡೋನಾ ಅವರಿಗೆ ಅನುಭವವೇ ಇರಲಿಲ್ಲ ಎನ್ನುವುದೂ ಅನ್ಯಾಯ. ಉದ್ದೀಪನ ಮದ್ದಿನ ಪ್ರಕರಣದಲ್ಲಿ ಆಟದಿಂದ ನಿಷೇಧಕ್ಕೊಳಗಾಗಿದ್ದ 1994–95ರ ಬಿಡುವಿನಲ್ಲಿ ಅವರು ಮಂಡಿಯು ಮತ್ತು ರೇಸಿಂಗ್ ಕ್ಲಬ್‌ಗಳನ್ನು ಒಟ್ಟು 23 ಪಂದ್ಯಗಳಲ್ಲಿ ಮುನ್ನಡೆಸಿ ಮೂರನ್ನು ಗೆದ್ದುಕೊಟ್ಟಿದ್ದರು. 1979ರಿಂದ ಸಂಸ್ಥೆಯ ಅಧ್ಯಕ್ಷರ ಕುರ್ಚಿಯನ್ನು ಬಿಡದೆ ಕೂತಿದ್ದ ಹುಲಿಯೊ ಗ್ರೊಂಡೋನಾ ಅವರಿಗೆ ಈ ಲೆಕ್ಕ ತಿಳಿದಿರಲಿಲ್ಲವೆಂದು ನಂಬುವುದು ಕಷ್ಟ. ಮುನ್ನೆಚ್ಚರಿಕೆಗೆಂದು ಅವರು 1986ರ ವಿಜೇತ ಕೋಚ್ ಕಾರ್ಲೋಸ್ ಬಿಲಾರ್ಡೊ ಅವರನ್ನು ಮೇಲ್ವಿಚಾರಕರಾಗಿ ಕೂರಿಸಿದರು. ದೇವರನ್ನು ಮೇಲ್ವಿಚಾರಣೆ ಮಾಡುವ ವಿಧಾನವನ್ನು ಮಾತ್ರ ಬಿಲಾರ್ಡೊ ಅವರಿಗೆ ಯಾರೂ ವಿವರಿಸಿದಂತೆ ಕಾಣಲಿಲ್ಲ.

2009ರ ಏಪ್ರಿಲ್ 1ರಂದು, ದಿನಾಂಕದ ಔಚಿತ್ಯಕ್ಕೆ ಕುಂದು ಬಾರದಂತೆ, ವಿಶ್ವಕಪ್ ಅರ್ಹತಾ ಪಂದ್ಯವೊಂದರಲ್ಲಿ ಬೊಲಿವಿಯಾ ತಂಡವು ಲಾ ಪಾಜ್‌ನಲ್ಲಿ ಅರ್ಜೆಂಟೀನಾವನ್ನು 6–1ರಿಂದ ಸೋಲಿಸಿತು. ಇದೇ 6–1ರ ಸೋಲು ಅರ್ಜೆಂಟೀನಾಕ್ಕೆ ಅದಕ್ಕೂ ಮೊದಲು ಎದುರಾಗಿದ್ದು 1958ರ ವಿಶ್ವಕಪ್‌ನಲ್ಲಿ, ಜೆಕೊಸ್ಲೊವಾಕಿಯಾದಿಂದ. ಲಾ ಪಾಜ್ ಸಮುದ್ರಮಟ್ಟದಿಂದ ಸುಮಾರು 3,600 ಮೀಟರ್ ಎತ್ತರದಲ್ಲಿದ್ದು, ಅಲ್ಲಿನ ತೆಳುಗಾಳಿಯಲ್ಲಿ ಬಯಲುಸೀಮೆಯ ಆಟಗಾರರು ಏದುಸಿರು ಬಿಡುವುದು ಹೊಸ ಸಂಗತಿಯೇನಲ್ಲ. ಕುಣಿಯಲಾರದವರಿಗೆ ನೆಲ ಡೊಂಕೆನ್ನುವ ಅವಕಾಶವಾದರೂ ಇರುತ್ತದೆ. ಇಲ್ಲಿ ಅದೂ ಇರಲಿಲ್ಲ. ಏಕೆಂದರೆ ಹಿಂದಿನ ವರ್ಷವಷ್ಟೇ, ಎತ್ತರದ ಊರುಗಳಲ್ಲಿ ಪಂದ್ಯ ಆಡಿಸಬಾರದೆಂಬ ಫಿಫಾದ ನಿರ್ಬಂಧವನ್ನು ವಿರೋಧಿಸಿ, ಬೊಲಿವಿಯಾದ ಅಧ್ಯಕ್ಷ ಎವೊ ಮೊರಾಲೆಸ್ ಅವರೊಡನೆ ಅದೇ ಲಾ ಪಾಜ್‌ನಲ್ಲಿ ಆಡಿ, ಆ ನೆಲ ಸ್ವಲ್ಪವೂ ಡೊಂಕಲ್ಲವೆಂದು ಜಗತ್ತಿಗೆ ಸಾರಿದ್ದವರು ಸ್ವತಃ ಮರಡೋನಾ ಅವರೇ. ಪಂದ್ಯದ ನಂತರ ಅವರು ಎತ್ತರವನ್ನು ದೂರಲಿಲ್ಲ ಎಂಬುದನ್ನು ಅವರ ಪರವಾಗಿ ದಾಖಲಿಸಲೇಬೇಕು.

ಬ್ರೆಜಿಲ್ ವಿರುದ್ಧದ ಪಂದ್ಯಕ್ಕೆ ಬ್ಯೂನಸ್ ಐರಿಸ್‌ನ ವಿಶಾಲ ಮೈದಾನದಲ್ಲಿ ಪ್ರೇಕ್ಷಕರ ಕೂಗು ಸಾಲದೆಂದು ಮರಡೋನಾ ಅವರ ಕೋರಿಕೆಯ ಮೇರೆಗೆ ಆಟವನ್ನು ರೊಸಾರಿಯೊಗೆ ವರ್ಗಾಯಿಸಲಾಯಿತು. ಕೂಗು ಹೆಚ್ಚಿತು; ಬ್ರೆಜಿಲ್ 3–1ರಿಂದ ಗೆದ್ದಿತು. ಪೆರು ವಿರುದ್ಧ ಸುರಿವ ಮಳೆಯಲ್ಲಿ 35 ವರ್ಷದ ಮಾರ್ಟಿನ್ ಪಲೆರ್ಮೊ, ಅಂದರೆ ಹಿಂದೊಮ್ಮೆ ಒಂದೇ ಪಂದ್ಯದಲ್ಲಿ ಮೂರು ಪೆನಾಲ್ಟಿ ಕೈಚೆಲ್ಲಿ ಹೆಸರಾಗಿದ್ದ ಆಟಗಾರ, ಕೊನೆಯ ಗಳಿಗೆಯಲ್ಲಿ ಗೋಲು ಹೊಡೆದು ತಂಡವನ್ನು ಉಳಿಸಿದಾಗ, ಕೋಚ್ ನೀರು ನಿಂತ ಮೈದಾನದ ಮೇಲೆ ಹೊಟ್ಟೆಯಡಿಯಾಗಿ ಜಾರಿದರು. ಅವರ ಅವಧಿಯ ಎಂಟು ಅರ್ಹತಾ ಪಂದ್ಯಗಳಲ್ಲಿ ನಾಲ್ಕು ಗೆಲುವು, ನಾಲ್ಕು ಸೋಲು. ಇಷ್ಟರಿಂದಲೇ ವಿಶ್ವಕಪ್ ಟಿಕೆಟ್ ದೊರೆತ ಸಂಭ್ರಮದಲ್ಲಿ ಅವರು ಪತ್ರಕರ್ತರಿಗೆ ಆಡಿದ ಮಾತುಗಳನ್ನು ಯಾವ ಪತ್ರಿಕೆಯೂ ಸಭ್ಯವಾಗಿ ಅಚ್ಚು ಹಾಕುವಂತಿರಲಿಲ್ಲ. ಫಿಫಾ ಎರಡು ತಿಂಗಳ ನಿಷೇಧವನ್ನೂ 25,000 ಸ್ವಿಸ್ ಫ್ರಾಂಕ್ ದಂಡವನ್ನೂ ವಿಧಿಸಿತು.

ಈ ಅವಧಿಯಲ್ಲಿ ನೂರಕ್ಕೂ ಹೆಚ್ಚು ಆಟಗಾರರನ್ನು ಅವರು ತಂಡಕ್ಕೆ ಕರೆದರು. ಆದರೂ 2010ರ ವಿಶ್ವಕಪ್ ತಂಡದಲ್ಲಿ, ಆ ಋತುವಿನಲ್ಲೇ ಇಂಟರ್ ಮಿಲಾನ್ ಪರ ಯುರೋಪಿನ ಚಾಂಪಿಯನ್ನರಾದ ಹವಿಯರ್ ಜನೆಟ್ಟಿ ಮತ್ತು ಎಸ್ತೆಬಾನ್ ಕಾಂಬಿಯಾಸ್ಸೊ ಅವರಿಗೆ ಜಾಗವಿರಲಿಲ್ಲ. ಜನೆಟ್ಟಿ ಆಡಬಹುದಾಗಿದ್ದ ಬಲ ಹಿಂಬದಿಯ ಸ್ಥಾನದಲ್ಲಿ ಅಂಚಿನಿಂದ ದಾಳಿ ಮಾಡುವ ವಿಂಗರ್ ಹೊನಾಸ್ ಗುಟಿಯೆರೆಸ್ ಅವರನ್ನು ನಿಲ್ಲಿಸಲಾಯಿತು. ಮಾರ್ಚ್‌ನಲ್ಲಿ ಮ್ಯೂನಿಕ್‌ನ ಪತ್ರಿಕಾಗೋಷ್ಠಿಯಲ್ಲಿ ಪಕ್ಕದಲ್ಲಿ ಕುಳಿತಿದ್ದ ಜರ್ಮನಿಯ ಹುಡುಗನೊಬ್ಬ ಆಟಗಾರನೆಂದೇ ತಿಳಿಯದೆ, ಅವನು ಎದ್ದುಹೋಗುವವರೆಗೆ ಮರಡೋನಾ ವೇದಿಕೆಯಿಂದ ಇಳಿದು ನಿಂತಿದ್ದರು. ಜುಲೈ 3ರಂದು ಕೇಪ್‌ಟೌನ್‌ನ ಕ್ವಾರ್ಟರ್‌ಫೈನಲ್‌ನಲ್ಲಿ ಆ ಥಾಮಸ್ ಮುಲ್ಲರ್ ಮೂರನೆಯ ನಿಮಿಷದಲ್ಲೇ ಗೋಲು ಹೊಡೆದು ತನ್ನ ಪರಿಚಯ ಮಾಡಿಕೊಂಡ. ಜರ್ಮನಿ 4, ಅರ್ಜೆಂಟೀನಾ 0. ಲಯೊನೆಲ್ ಮೆಸ್ಸಿ ಇಡೀ ಟೂರ್ನಿಯಲ್ಲಿ ಒಂದು ಗೋಲನ್ನೂ ಹೊಡೆಯದೆ ಮರಳಿದರು.

ತವರಿನ ವಿಮಾನ ನಿಲ್ದಾಣದಲ್ಲಿ ಸಾವಿರಾರು ಜನ ನೆರೆದು, ಕೋಚ್ ಹುದ್ದೆ ಬಿಡಬಾರದೆಂದು ಮರಡೋನಾ ಅವರನ್ನು ಬೇಡಿಕೊಂಡರು. ನಾಲ್ಕು ಗೋಲುಗಳ ಸೋಲಿನ ತಪ್ಪು ಸಹಾಯಕ ಸಿಬ್ಬಂದಿಯದೆಂದು ಕಂಡುಕೊಂಡ ಸಂಸ್ಥೆ, ಅವರನ್ನು ಬದಲಿಸಿದರೆ ದೇವರು ಇರಬಹುದೆಂದಿತು. ಮರಡೋನಾ ಒಪ್ಪಲಿಲ್ಲ. ಪಾಠ ಕಲಿತ ಸಂಸ್ಥೆ ಅವರ ಜಾಗಕ್ಕೆ 1986ರ ವಿಜೇತ ತಂಡದ ಮತ್ತೊಬ್ಬ ಆಟಗಾರ ಸೆರ್ಜಿಯೊ ಬಟಿಸ್ಟಾ ಅವರನ್ನು ತಂದಿತು. ಮರುವರ್ಷ ತವರಿನಲ್ಲೇ ನಡೆದ, ದಕ್ಷಿಣ ಅಮೆರಿಕದ ರಾಷ್ಟ್ರೀಯ ತಂಡಗಳ ಟೂರ್ನಿಯಾದ ಕೋಪಾ ಅಮೆರಿಕದ ಕ್ವಾರ್ಟರ್‌ಫೈನಲ್‌ನಲ್ಲಿ ಸೋತು ಅವರೂ ಮನೆಗೆ ಹೋದರು.

2018ರಲ್ಲಿ, ದೇಶದ ಪರ ಕೇವಲ ಏಳು ಪಂದ್ಯಗಳನ್ನಾಡಿದ್ದ ಲಯೊನೆಲ್ ಸ್ಕಲೋನಿ ಅವರಿಗೆ ತಂಡವನ್ನು ಒಪ್ಪಿಸಿದಾಗ ಆಕ್ಷೇಪಗಳ ಸುರಿಮಳೆಯಾಯಿತು. ಟ್ರಾಫಿಕ್ ನಿಯಂತ್ರಿಸಲೂ ಬಾರದವನಿಗೆ ಇಂಥ ಹುದ್ದೆಯೇ ಎಂದು ಅತ್ಯಂತ ಜೋರಾಗಿ ಕಿಡಿಕಾರಿದವರಲ್ಲಿ ಮರಡೋನಾ ಅವರೂ ಒಬ್ಬರು. ಸ್ಕಲೋನಿ 2021ರ ಕೋಪಾ ಅಮೆರಿಕವನ್ನೂ, 2022ರ ವಿಶ್ವಕಪ್ಪನ್ನೂ, 2024ರಲ್ಲಿ ಮತ್ತೆ ಕೋಪಾ ಅಮೆರಿಕವನ್ನೂ ಗೆದ್ದರು. ಟ್ರಾಫಿಕ್ ವಿಷಯದಲ್ಲಿ ಅವರ ಸಾಮರ್ಥ್ಯವನ್ನು ಪರೀಕ್ಷಿಸುವ ಗೊಡವೆಗೆ ಆಮೇಲೆ ಯಾರೂ ಹೋಗಲಿಲ್ಲ.